ಬಿಳಿಯಂಗಿ ತೊಡದ ಆರೋಗ್ಯಸೇವಕರು
ಆಸ್ಪತ್ರೆ ನಿರ್ವಹಣೆ ಓದಬಯಸುವ ಮಕ್ಕಳಿಗೂ ಅವರ ಹೆತ್ತವರಿಗೂ ಕೆಲವು ಹಿತನುಡಿಗಳು

ಕಳೆದ ಬೇಸಿಗೆಯಲ್ಲಿ ನೆಲ್ಯಹುದಿಕೇರಿಯ ನಮ್ಮ ಮನೆಯ ಜಗಲಿಯಲ್ಲಿ ಒಂದು ಸಣ್ಣ ಪಂಚಾಯಿತಿ ನಡೆಯಿತು. ನನ್ನ ತಂಗಿಯ ಮಗಳು ಬಿ.ಕಾಂ. ಮುಗಿಸಿ, "ಮಾವ, ನಾನು ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಮಾಡುತ್ತೇನೆ" ಎಂದಳು. ಅವಳ ತಂದೆಯವರು ತಟ್ಟನೆ, "ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಗುಮಾಸ್ತಿಕೆ ಕಲಿಯುವುದಕ್ಕೆ ಎರಡು ವರ್ಷದ ಕರಿಮೆಣಸಿನ ಹಣ ಸುರಿಯಬೇಕೆ?" ಎಂದು ಕೇಳಿದರು. ಭಾವನವರ ಮಾತು ಕಟುವಾಗಿದ್ದರೂ ಸುಳ್ಳಾಗಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಬಂದು ನಮ್ಮೂರಿನ ಹೊಳೆದಂಡೆಯ ಮನೆಗಳನ್ನು ಕೊಚ್ಚಿಕೊಂಡು ಹೋದ ಮೇಲೆ, ಇಲ್ಲಿನ ಯಾವ ಸಂಸಾರವೂ ಹಣವನ್ನು ಹಗುರವಾಗಿ ಎಣಿಸುವುದಿಲ್ಲ. ಆ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರವನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಅನೇಕ ಬಂಧುಗಳ ಮನೆಯಲ್ಲಿಯೂ ಇರಬಹುದು.

ಒಂದು ದಿನದ ಅನುಭವ

ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರನ್ನು ಉಸಿರಾಟದ ತೊಂದರೆಗಾಗಿ ನಗರವೊಂದರ ಆಸ್ಪತ್ರೆಗೆ ಸೇರಿಸಿದ್ದೆವು. ವೈದ್ಯರು ದೇವರಂತೆ ನೋಡಿಕೊಂಡರು. ಒಂದು ಬೆಳಿಗ್ಗೆ ಹತ್ತು ಗಂಟೆಗೆ, "ಇಂದು ಮನೆಗೆ ಹೋಗಬಹುದು" ಎಂದರು. ಆದರೆ ನಾವು ಹೊರಗೆ ಬಂದಾಗ ಸಂಜೆ ಆರು ದಾಟಿತ್ತು. ಬಿಡುಗಡೆಯ ಪತ್ರ ಬರೆಯುವವರು ಔಷಧಾಲಯದ ಕಡೆ ಕೈ ತೋರಿದರು. ಔಷಧಾಲಯದವರು ಬಿಲ್ಲಿನ ಕಡೆ, ಬಿಲ್ಲಿನವರು ವಿಮೆಯವರ ಕಡೆ. ಎಂಬತ್ತರ ಮುದುಕರು ಗಾಲಿಕುರ್ಚಿಯಲ್ಲಿ ಎಂಟು ಗಂಟೆ ಕುಳಿತರು. ಊರಿನ ಬಸ್ಸೂ ತಪ್ಪಿತು. ಅಲ್ಲಿ ಯಾರೂ ದುಷ್ಟರಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಮೇಜಿನ ಕೆಲಸವನ್ನು ಮಾಡುತ್ತಲೇ ಇದ್ದರು. ಆದರೆ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ರೋಗಿ ಹೇಗೆ ಸಾಗುತ್ತಾನೆಂದು ನೋಡುವ ಕಣ್ಣು ಇರಲಿಲ್ಲ. ಆ ಕಣ್ಣೇ ಆಸ್ಪತ್ರೆಯ ನಿರ್ವಾಹಕ. ಇದು ಗುಮಾಸ್ತಿಕೆಯಲ್ಲ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. 1916ರಲ್ಲಿ ಏಳು ಮಂದಿ ಶಿಕ್ಷಕರು ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯನ್ನು ಆರಂಭಿಸಿದರು. 1954ರಲ್ಲಿ ಮೈಸೂರಿನ ಜೆ.ಎಸ್.ಎಸ್. ಮಹಾವಿದ್ಯಾಪೀಠ ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳಿಂದ ಸ್ಥಾಪನೆಗೊಂಡಿತು. ಎರಡೂ ಶಿಕ್ಷಣದಿಂದ ಆರಂಭವಾಗಿ ದೊಡ್ಡ ಆಸ್ಪತ್ರೆಗಳನ್ನು ನಡೆಸುವಷ್ಟು ಬೆಳೆದವು. ಒಳ್ಳೆಯ ಉದ್ದೇಶವೊಂದೇ ಇದ್ದಿದ್ದರೆ ಅದು ಸಾಧ್ಯವಾಗುತ್ತಿರಲಿಲ್ಲ; ಲೆಕ್ಕ, ಶಿಸ್ತು, ವ್ಯವಸ್ಥೆಗಳೂ ಬೇಕಾದವು. ತಮಿಳುನಾಡಿನ ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ ಹನ್ನೊಂದು ಹಾಸಿಗೆಗಳಿಂದ ಆರಂಭಿಸಿದ ಅರವಿಂದ ಕಣ್ಣಿನ ಆಸ್ಪತ್ರೆಯೂ ಇದಕ್ಕೆ ಸಾಕ್ಷಿ. ಹಣವುಳ್ಳವರಿಂದ ಬಂದುದರಲ್ಲಿ ಬಡವರಿಗೆ ಉಚಿತ ಶಸ್ತ್ರಚಿಕಿತ್ಸೆ ನಡೆಸುವ ಅದರ ಕ್ರಮವು ದಾಸೋಹವನ್ನು ಕಂಡ ನಮಗೆ ಹೊಸದೇನಲ್ಲ. ವೈದ್ಯರ ಒಂದು ನಿಮಿಷವೂ ವ್ಯರ್ಥವಾಗದಂತೆ ಕೆಲಸವನ್ನು ಹಂಚಿದ್ದೇ ಅದರ ಗುಟ್ಟು.

ಸೇರುವ ಮೊದಲು

ಈ ವಿದ್ಯೆಗೆ ಹಲವು ಹೆಸರುಗಳಿವೆ. ಪಿ.ಯು.ಸಿ. ಆದ ಮೇಲೆ ಸೇರಬಹುದಾದ ಪದವಿಗಳಿವೆ. ಪದವಿಯ ನಂತರ ಆಸ್ಪತ್ರೆ ಆಡಳಿತದ ಎರಡು ವರ್ಷದ ಸ್ನಾತಕೋತ್ತರ ಪದವಿ, ಅಂದರೆ ಎಂ.ಎಚ್.ಎ., ಇದೆ, ಎಂ.ಬಿ.ಎ.ಯಲ್ಲಿ ಇದನ್ನೇ ವಿಶೇಷ ವಿಷಯವಾಗಿ ಕಲಿಸುವವರೂ ಇದ್ದಾರೆ. 1996ರಲ್ಲಿ ಆರಂಭವಾದ ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಧೀನ ಕಾಲೇಜುಗಳಲ್ಲಿಯೂ ಮಣಿಪಾಲದಲ್ಲಿಯೂ ಎಂ.ಎಚ್.ಎ. ಇದೆ. ದೆಹಲಿಯ ಏಮ್ಸ್‌ನಂತಹ ಕೆಲವೆಡೆ ಇದು ವೈದ್ಯಕೀಯ ಪದವೀಧರರಿಗಷ್ಟೇ ಮೀಸಲು. ಅರ್ಜಿ ಹಾಕುವ ಮುನ್ನ ಅರ್ಹತೆಯನ್ನು ಓದಿಕೊಳ್ಳಬೇಕು.

ಹಣ ಕಟ್ಟುವ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿರಿ. ಪದವಿಯನ್ನು ಕೊಡುವ ವಿಶ್ವವಿದ್ಯಾಲಯ ಯಾವುದು, ಅದಕ್ಕೆ ಯು.ಜಿ.ಸಿ. ಮಾನ್ಯತೆ ಇದೆಯೇ? ಕಾಲೇಜಿಗೆ ತನ್ನದೇ ಆಸ್ಪತ್ರೆ ಇದೆಯೇ, ಇಲ್ಲವಾದರೆ ಯಾವ ಆಸ್ಪತ್ರೆಯೊಡನೆ ಲಿಖಿತ ಒಪ್ಪಂದವಿದೆ? ಪ್ರಾಯೋಗಿಕ ತರಬೇತಿ ಎಷ್ಟು ತಿಂಗಳು? ಹಿಂದಿನ ಎರಡು ತಂಡಗಳ ವಿದ್ಯಾರ್ಥಿಗಳು ಇಂದು ಎಲ್ಲಿ, ಯಾವ ಹುದ್ದೆಯಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರವನ್ನು ಕಾಲೇಜಿನ ಕಚೇರಿಯಿಂದಲ್ಲ, ಆ ವಿದ್ಯಾರ್ಥಿಗಳಿಂದಲೇ ಪಡೆಯಿರಿ. ಬ್ಯಾಂಕಿನ ವಿದ್ಯಾಭ್ಯಾಸ ಸಾಲವನ್ನೂ, 2020ರಲ್ಲಿ ಸ್ಥಾಪನೆಯಾದ ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಶೈಕ್ಷಣಿಕ ಸಾಲ ಈ ಕೋರ್ಸಿಗೆ ದೊರೆಯುವುದೇ ಎಂಬುದನ್ನೂ ವಿಚಾರಿಸಿ, ಆಮೇಲೆ ತೋಟದ ಹಣಕ್ಕೆ ಕೈಹಾಕುವುದು ಲೇಸು.

ತರಬೇತಿಯೇ ನಿಜವಾದ ಪಾಠಶಾಲೆ

ಇಂಟರ್ನ್‌ಶಿಪ್ ಎಂದೊಡನೆ ಮಕ್ಕಳು ದೊಡ್ಡ ನಗರದ ಹೊಳೆಯುವ ಆಸ್ಪತ್ರೆಯನ್ನೇ ಬಯಸುತ್ತಾರೆ. ನನ್ನ ಸಲಹೆ ಬೇರೆ. ಅವಕಾಶವಿದ್ದರೆ ಮೊದಲ ರಜೆಯನ್ನು ಮನೆಯ ಹತ್ತಿರದ ಸಣ್ಣ ಆಸ್ಪತ್ರೆಯಲ್ಲಿ ಕಳೆಯಿರಿ. ಎರಡನೆಯದನ್ನು ಸರ್ಕಾರಿ ಆಸ್ಪತ್ರೆಯಲ್ಲಿ. ನಮ್ಮ ಜಿಲ್ಲೆಗೆ 2016ರಿಂದ ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೇ ಇದೆ. ಕೊನೆಯ ದೀರ್ಘ ತರಬೇತಿಗೆ ಮೈಸೂರು, ಬೆಂಗಳೂರುಗಳ ದೊಡ್ಡ ಆಸ್ಪತ್ರೆಗೆ ಹೋಗಿರಿ. ಸಣ್ಣ ಆಸ್ಪತ್ರೆಯಲ್ಲಿ ಇಡೀ ಯಂತ್ರ ಒಂದೇ ನೋಟಕ್ಕೆ ಕಾಣುತ್ತದೆ. ದೊಡ್ಡದರಲ್ಲಿ ಒಂದು ಗಾಲಿ ಮಾತ್ರ.

ಕಾಲೇಜಿನ ಪತ್ರದೊಡನೆ ಹೋಗಿ ಒಪ್ಪಿಗೆಯನ್ನು ಲಿಖಿತವಾಗಿ ಪಡೆಯಿರಿ. ಅವಧಿ, ಮಾರ್ಗದರ್ಶಕರ ಹೆಸರು, ಭತ್ಯೆ ಉಂಟೋ ಇಲ್ಲವೋ, ಪ್ರಮಾಣಪತ್ರ ಎಂದು ದೊರೆಯುತ್ತದೆ ಎಂಬಿಷ್ಟು ಅದರಲ್ಲಿರಲಿ. ಹೆಣ್ಣುಮಕ್ಕಳ ವಸತಿ ಮತ್ತು ರಾತ್ರಿಪಾಳಿಯ ವಿಷಯವನ್ನು ಮೊದಲೇ ಮಾತನಾಡಿಕೊಳ್ಳಿರಿ. ಇದರಲ್ಲಿ ಸಂಕೋಚ ಬೇಡ.

ಒಳಗೆ ಹೋದ ಮೇಲೆ ಹವಾನಿಯಂತ್ರಿತ ಕೋಣೆಯಲ್ಲಿಯೇ ಕೂರಬೇಡಿ. ಹೆಸರು ನೋಂದಾಯಿಸುವ ಕಿಟಕಿ, ಔಷಧ ದಾಸ್ತಾನು, ಉಪಕರಣ ಶುದ್ಧಿಯ ಕೋಣೆ, ಬಟ್ಟೆ ಒಗೆಯುವ ಜಾಗ, ಅಡುಗೆಮನೆ, ದಾಖಲೆ ಕೋಣೆ ಎಲ್ಲೆಡೆಯೂ ಕೆಲವು ದಿನ ನಿಲ್ಲಿರಿ. ಕಸದ ಬುಟ್ಟಿಯ ಬಳಿಯೂ ಪಾಠವಿದೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ರಕ್ತ ತಗುಲಿದ ಹತ್ತಿ ಹಳದಿ ಚೀಲಕ್ಕೆ, ಬಳಸಿದ ಪ್ಲಾಸ್ಟಿಕ್ ಕೊಳವೆ ಕೆಂಪು ಚೀಲಕ್ಕೆ, ಸೂಜಿ ಚೂಪು ತೂರದ ಬಿಳಿ ಡಬ್ಬಿಗೆ, ಗಾಜು ನೀಲಿ ಗುರುತಿನ ಪೆಟ್ಟಿಗೆಗೆ ಹೋಗಬೇಕು. ಒಂದು ಸೂಜಿ ತಪ್ಪು ಚೀಲಕ್ಕೆ ಬಿದ್ದರೆ ಚುಚ್ಚುವುದು ಕಸ ಹೊರುವ ತಾಯಿಯ ಕೈಗೆ.

ನೋಂದಣಿಯ ಕಿಟಕಿಯನ್ನೂ ಕಡೆಗಣಿಸಬೇಡಿ. 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ನೆರವು ಇದೆ. ಆದರೆ ಕಾರ್ಡಿನಲ್ಲಿ ಒಂದು ಹೆಸರು, ಆಸ್ಪತ್ರೆಯ ಪುಸ್ತಕದಲ್ಲಿ ಇನ್ನೊಂದು ಹೆಸರಾದರೆ ನೆರವು ನಿಲ್ಲಬಹುದು. ನಮ್ಮ ತೋಟಗಳಲ್ಲಿ ಮಲಯಾಳ, ತಮಿಳು, ಯರವ ಭಾಷೆಗಳನ್ನಾಡುವ ಕಾರ್ಮಿಕರಿದ್ದಾರೆ. ಅಸ್ಸಾಂನಿಂದ ಬಂದವರೂ ಇದ್ದಾರೆ. ಅವರ ಹೆಸರನ್ನು ಎರಡು ಸಲ ಕೇಳಿ ಸರಿಯಾಗಿ ಬರೆಯುವ ಕೈ ಒಂದು ಸಂಸಾರವನ್ನೇ ಸಾಲದಿಂದ ಉಳಿಸಬಲ್ಲದು.

ಒಂದು ಸಣ್ಣ ಅಧ್ಯಯನವನ್ನಾದರೂ ಕೈಗೊಳ್ಳಿರಿ. ಮೂವತ್ತು ರೋಗಿಗಳ ಬಿಡುಗಡೆಯನ್ನು ಗಮನಿಸಿ, ವೈದ್ಯರು ಅಪ್ಪಣೆ ಕೊಟ್ಟ ವೇಳೆ, ಪತ್ರ ಸಿದ್ಧವಾದ ವೇಳೆ, ಉಳಿದ ಔಷಧ ಹಿಂದಿರುಗಿದ ವೇಳೆ, ಬಿಲ್ಲು ಮತ್ತು ವಿಮೆಯ ಒಪ್ಪಿಗೆ ಬಂದ ವೇಳೆ, ಹಾಸಿಗೆ ಖಾಲಿಯಾದ ವೇಳೆ ಇವನ್ನು ಬರೆದುಕೊಳ್ಳಿರಿ. ನಗದುರಹಿತ ವಿಮೆಯಲ್ಲಿ ಬಿಡುಗಡೆಯ ಕೋರಿಕೆ ಬಂದ ಮೂರು ಗಂಟೆಯೊಳಗೆ ಅಂತಿಮ ಒಪ್ಪಿಗೆ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ವಿಧಿಸಿದೆ. ವಿಳಂಬ ನಿಜವಾಗಿ ಯಾವ ಮೇಜಿನಲ್ಲಿದೆ ಎಂಬುದನ್ನು ನಿಮ್ಮ ಪಟ್ಟಿಯೇ ಹೇಳುತ್ತದೆ. ಸಂದರ್ಶನದಲ್ಲಿ ಇಂತಹ ಒಂದು ಪುಟ ಹತ್ತು ಪ್ರಮಾಣಪತ್ರಗಳಿಗಿಂತ ಹೆಚ್ಚು ತೂಗುತ್ತದೆ.

ಮರೆಯಬಾರದ ಮಾತು

ರೋಗಿಯ ಕಾಗದಪತ್ರಗಳ ಚಿತ್ರ ತೆಗೆಯುವುದಾಗಲಿ, ಅವರ ಕಾಯಿಲೆಯನ್ನು ಮನೆಯಲ್ಲಿ, ಬಸ್ಸಿನಲ್ಲಿ ಆಡುವುದಾಗಲಿ ಕೂಡದು. ನಮ್ಮಂತಹ ಚಿಕ್ಕ ಊರುಗಳಲ್ಲಿ ಹೆಸರು ಹೇಳದಿದ್ದರೂ ಜನ ಊಹಿಸಿಬಿಡುತ್ತಾರೆ. ತಪ್ಪು ಲೆಕ್ಕ ಬರೆಯಲು ಯಾರಾದರೂ ಹೇಳಿದರೆ ವಿನಯದಿಂದಲೇ ನಿರಾಕರಿಸಿ, ಮಾರ್ಗದರ್ಶಕರಿಗೆ ತಿಳಿಸಿರಿ. ಕಾಯಕದ ಶುಚಿತ್ವ ಮೊದಲ ದಿನದಿಂದಲೇ ಬರಬೇಕು.

ಹೆತ್ತವರಿಗೂ ಒಂದು ಮಾತು. ಓದು ಮುಗಿದೊಡನೆ ದೊಡ್ಡ ಸಂಬಳ ಬರುವುದೆಂದು ನಂಬಬೇಡಿ. ಮೊದಲ ವರ್ಷಗಳು ಕಿಟಕಿಯ ಬಳಿಯೂ ಬಿಲ್ಲಿನ ಬಳಿಯೂ ಕಳೆಯಬಹುದು. ಅದನ್ನು ಅವಮಾನವೆಂದು ತಿಳಿದು ಮಗುವನ್ನು ಹಿಂದಕ್ಕೆ ಕರೆಸಬೇಡಿ, ಅದು ಅಡಿಪಾಯ.

ಜಗಲಿಯ ಪಂಚಾಯಿತಿ ಆ ದಿನ ಮುಗಿಯಲಿಲ್ಲ. ಭಾವನವರು ಎರಡು ಕಾಲೇಜುಗಳಿಗೆ ತಾವೇ ಹೋಗಿ ಆ ನಾಲ್ಕು ಪ್ರಶ್ನೆಗಳನ್ನು ಕೇಳಿ ಬಂದರು. ಒಂದೆಡೆ ಉತ್ತರ ಸಿಗಲಿಲ್ಲ, ಇನ್ನೊಂದೆಡೆ ಸಿಕ್ಕಿತು. ಸೊಸೆ ಈಗ ಅಲ್ಲಿ ಓದುತ್ತಿದ್ದಾಳೆ. ಮೊದಲ ರಜೆಯಲ್ಲಿ ಬಂದವಳು ತನ್ನ ನೋಟ್‌ಪುಸ್ತಕವನ್ನು ಅಜ್ಜನ ಮುಂದೆ ತೆರೆದು, "ತಾತ, ಆ ದಿನ ನೀವು ಕಾದದ್ದು ಎಲ್ಲೆಲ್ಲಿ ಹೇಳಿ, ಬರೆದುಕೊಳ್ಳುತ್ತೇನೆ" ಎಂದಳು. ತಂದೆಯವರು ಒಂದೊಂದಾಗಿ ಹೇಳತೊಡಗಿದರು. ಭಾವನವರು ಪಕ್ಕದಲ್ಲಿ ಕುಳಿತು ಕೊನೆಯವರೆಗೂ ಕೇಳಿದರು.