ನಿಮಗಿದು ಗೊತ್ತೇ? ಕುರುವಿನ ಕೀವು ಹೇಳುವ ಹೆಸರುಗಳು

ದ್ರಾಕ್ಷಿ ಬೆಳೆಯುವ ವಿಜಯಪುರ ಜಿಲ್ಲೆಯವರಿಗೆ ಕುರು ಎಬ್ಬಿಸುವ ಅಣುಜೀವಿಯ ಗುರುತು ಹೇಳಿಕೊಡುವುದು ಸುಲಭ. ಕುರುವಿನ ಕೀವನ್ನು ಗಾಜಿನ ಪಟ್ಟಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ ಬಹಳಷ್ಟು ಸಲ ಕಾಣುವುದು ನೇರಳೆ ದ್ರಾಕ್ಷಿಯ ಗೊಂಚಲಿನಂಥ ಗುಂಪು. ಅದೇ ಸ್ಟ್ಯಾಫಿಲೋಕಾಕಸ್ ಆರಿಯಸ್. ಕೀವು ತುಂಬುವ ಚರ್ಮದ ಸೋಂಕುಗಳಲ್ಲಿ ಮೊದಲ ಸಂಶಯ ಇದರ ಮೇಲೆಯೇ.

ಇದನ್ನು ಕೀವಿನಲ್ಲಿ ಕಂಡು ರೋಗದ ಜೊತೆ ನಂಟು ತೋರಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಗ್ಸಾಂಡರ್ ಆಗ್‌ಸ್ಟನ್, 1880ರಲ್ಲಿ. ಮನೆಯ ಹಿತ್ತಲಲ್ಲಿ ಪ್ರಯೋಗಶಾಲೆ ಕಟ್ಟಿಕೊಂಡು, ಕೋಳಿಮೊಟ್ಟೆಯೊಳಗೆ ಅದನ್ನು ಬೆಳೆಸಿದರು. ಕೆಂಪಗೆ ಊದಿ ಸಿಡಿಯುವ ಕುರುಗಳಲ್ಲಿ ಈ ಜೀವಿಗಳು ಸಿಕ್ಕವು; ಬಿಸಿ, ನೋವು ಯಾವುದೂ ಇಲ್ಲದ ತಣ್ಣನೆಯ ಬಾವುಗಳಲ್ಲಿ ಸಿಗಲಿಲ್ಲ. ಆ ತಣ್ಣನೆಯ ಬಾವುಗಳ ಹಿಂದೆ ಹೆಚ್ಚಾಗಿ ಇದ್ದದ್ದು ಕ್ಷಯ. ಅದರ ಅಣುಜೀವಿಯನ್ನು ರಾಬರ್ಟ್ ಕಾಕ್ ಜಗತ್ತಿಗೆ ತೋರಿಸಿದ್ದು 1882ರಲ್ಲಿ. ಕುತ್ತಿಗೆಯ ಗಂಟು ನೋವಿಲ್ಲದೆ ಒಡೆದು, ವಾರಗಟ್ಟಲೆ ಒಸರುತ್ತಿದ್ದರೆ ಸಾಮಾನ್ಯ ಕೀವು ಪರೀಕ್ಷೆ ಸಾಲದು, ಕ್ಷಯದ ಪರೀಕ್ಷೆಯನ್ನೂ ಕೇಳಿ ಮಾಡಿಸಬೇಕು.

ಬೇಸಿಗೆಯಲ್ಲಿ, ಮಾವಿನ ಕಾಲದಲ್ಲಿ ಏಳುವ ಕುರುವಿಗೆ ‘ಉಷ್ಣ’ವೇ ಕಾರಣ ಎನ್ನುವುದು ನಮ್ಮ ಕಡೆಯ ವಾಡಿಕೆ. ಬೆವರು, ಧೂಳು, ಬಟ್ಟೆಯ ಉಜ್ಜಾಟ ಕೂದಲ ಬುಡದಲ್ಲಿ ದಾರಿ ಮಾಡಿಕೊಡುತ್ತವೆ, ನಿಜ. ಆದರೆ ಒಳನುಗ್ಗಿ ಕೀವು ಮಾಡುವುದು ಅಣುಜೀವಿ.

ಅದು ಬರುವುದಾದರೂ ಎಲ್ಲಿಂದ? ಹೆಚ್ಚಿನ ಸಲ ನಮ್ಮದೇ ಮೂಗಿನಿಂದ. ಆರೋಗ್ಯವಂತರಲ್ಲೂ ಸುಮಾರು 10ರಲ್ಲಿ 3 ಮಂದಿಯ ಮೂಗಿನೊಳಗೆ ಸ್ಟ್ಯಾಫ್ ಸದ್ದಿಲ್ಲದೆ ವಾಸವಾಗಿರುತ್ತದೆ. ಮನೆಯಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕುರು ಏಳುತ್ತಿದ್ದರೆ ಒಂದೇ ಟವೆಲ್ ಬಳಸುವುದನ್ನು ಮೊದಲು ನಿಲ್ಲಿಸಿ.

ಎರಡನೆಯ ಆರೋಪಿ ಸ್ಟ್ರೆಪ್ಟೋಕಾಕಸ್ ಪಯೋಜಿನಸ್. ಇದು ಗೊಂಚಲಾಗುವುದಿಲ್ಲ, ಸಾಲಾಗಿ ನಿಲ್ಲುತ್ತದೆ. ಮಕ್ಕಳ ಮೂಗು–ಬಾಯಿಯ ಸುತ್ತ, ಕೈಕಾಲಿನ ಮೇಲೆ ಜೇನುಬಣ್ಣದ ಹಕ್ಕಳೆ ಕಟ್ಟುವ ಹುಣ್ಣುಗಳಲ್ಲಿ ಇದೂ ಇರಬಹುದು, ಸ್ಟ್ಯಾಫೂ ಇರಬಹುದು, ಎರಡೂ ಸೇರಿರಬಹುದು. ಕಜ್ಜಿಯಾಗಿ ಕೆರೆದುಕೊಂಡ ಮೈ ಇವಕ್ಕೆ ತೆರೆದ ಬಾಗಿಲು. ಸ್ಟ್ರೆಪ್ಟೋಕಾಕಸ್‌ನ ಅಪಾಯ ಚರ್ಮಕ್ಕೆ ಮುಗಿಯುವುದಿಲ್ಲ. ಹುಣ್ಣಾದ 3ರಿಂದ 6 ವಾರಗಳಲ್ಲಿ ಕೆಲವು ಮಕ್ಕಳ ಮೂತ್ರಪಿಂಡ ಉರಿಯೂತಕ್ಕೆ ಸಿಲುಕುತ್ತದೆ. ಬೆಳಗ್ಗೆ ಮುಖ ಊದಿಕೊಂಡಿದ್ದರೆ, ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡ ಮಾಡದೆ ದವಾಖಾನೆಗೆ ಹೋಗಿ, ಹಿಂದೆ ಹುಣ್ಣಾಗಿತ್ತೆಂದು ವೈದ್ಯರಿಗೆ ಹೇಳಿ.

ಹೆಸರು ತಿಳಿಯುವುದು ಯಾಕೆ ಮುಖ್ಯ? ಸ್ಟ್ರೆಪ್ಟೋಕಾಕಸ್ ಪಯೋಜಿನಸ್ ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಸ್ಟ್ಯಾಫ್‌ನ ಬಹುಪಾಲು ತಳಿಗಳು ಮಣಿಯುವುದಿಲ್ಲ. 1928ರಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗ್ ಪೆನಿಸಿಲಿನ್ ಕಂಡದ್ದು ಸ್ಟ್ಯಾಫ್ ಬೆಳೆದಿದ್ದ ತಟ್ಟೆಯಲ್ಲೇ ಎಂಬುದನ್ನು ನೆನೆದರೆ ಅದು ಎಷ್ಟು ಬೇಗ ಬದಲಾಯಿತೆಂದು ಅಚ್ಚರಿಯಾಗುತ್ತದೆ. ಮೆಥಿಸಿಲಿನ್ ಎಂಬ ಹೊಸ ಔಷಧ 1959ರಲ್ಲಿ ಬಂತು. ಅದಕ್ಕೂ ಜಗ್ಗದ ತಳಿ 1961ರಲ್ಲೇ ಬ್ರಿಟನ್ನಿನಲ್ಲಿ ವರದಿಯಾಯಿತು. ವರದಿಗಳಲ್ಲಿ ಎಂಆರ್‌ಎಸ್‌ಎ ಎಂದು ಬರೆಯುವುದು ಇದನ್ನೇ.

ಇಬ್ಬರನ್ನು ಬೇರ್ಪಡಿಸಲು ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಸ್ಟ್ಯಾಫ್ ಆದರೆ ಬುರುಗು ಬರುತ್ತದೆ, ಸ್ಟ್ರೆಪ್ ಆದರೆ ಇಲ್ಲ. ಮುಂದಿನ ಹೆಜ್ಜೆಗೆ ಮೊಲದ ರಕ್ತದ ಪ್ಲಾಸ್ಮಾ ಬೇಕು: ಅದು ಹೆಪ್ಪುಗಟ್ಟಿದರೆ ಸ್ಟ್ಯಾಫಿಲೋಕಾಕಸ್ ಆರಿಯಸ್ ಎಂದೇ ಲೆಕ್ಕ.

ಕೀವನ್ನು ಬೆಳೆಸುವ ತಟ್ಟೆಯಲ್ಲಿರುವುದು ಅಗರ್, ಅಂದರೆ ನಮ್ಮ ಕಿರಾಣಿ ಅಂಗಡಿಯ ಚೈನಾ ಗ್ರಾಸ್. ಮೊದಲು ಜೆಲಟಿನ್ ಬಳಸುತ್ತಿದ್ದರು. ದೇಹದ ಬಿಸಿಗೆ ಅದು ಕರಗಿ ನೀರಾಗುತ್ತಿತ್ತು. ವಿಜಯಪುರದ ಮೇ ತಿಂಗಳಲ್ಲಾದರೆ ಮೇಜಿನ ಮೇಲೆಯೇ ಕರಗುತ್ತಿತ್ತು. ಅಡುಗೆಮನೆಯಲ್ಲಿ ಅಗರ್ ಬಳಸಿ ಗೊತ್ತಿದ್ದ ಫ್ಯಾನಿ ಹೆಸ್ಸೆ ಎಂಬ ಗೃಹಿಣಿ 1881ರಲ್ಲಿ ಅದನ್ನು ಸೂಚಿಸಿದರು. ಅವರ ಪತಿ ಆಗ ಕಾಕ್ ಅವರ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದರು. ಸೂಕ್ಷ್ಮಜೀವಿ ವಿಜ್ಞಾನ ಈ ಹೆಣ್ಣುಮಗಳಿಗೆ ಎಷ್ಟು ಋಣಿಯೋ, ಅವರ ಹೆಸರು ಅಷ್ಟು ಪ್ರಚಾರ ಪಡೆಯಲಿಲ್ಲ.

ಕೀವು ಹಸಿರು–ನೀಲಿ ಬಣ್ಣಕ್ಕೆ ತಿರುಗಿದೆಯೇ? ಸೂಡೊಮೊನಾಸ್ ಇರಬಹುದು. ಸುಟ್ಟ ಗಾಯಗಳಲ್ಲಿ, ಬಹಳ ದಿನ ಮಾಯದ ಸಕ್ಕರೆಕಾಯಿಲೆಯ ಕಾಲುಹುಣ್ಣುಗಳಲ್ಲಿ ಹೆಚ್ಚು. ತಟ್ಟೆಯಲ್ಲಿ ಬೆಳೆದಾಗ ಇದರ ವಾಸನೆಯೂ ದ್ರಾಕ್ಷಿಯದೇ!

ಕೀವೇ ಇಲ್ಲದ ಹುಣ್ಣು ಇನ್ನೂ ಅಪಾಯಕಾರಿ ಆಗಬಲ್ಲದು. ಸತ್ತ ಕುರಿ, ದನವನ್ನು ಮುಟ್ಟಿದ, ಚರ್ಮ ಸುಲಿದ ಕೈಯಲ್ಲಿ ನೋವಿಲ್ಲದ ಗುಳ್ಳೆ ಎದ್ದು ನಡುವೆ ಕಪ್ಪಗಾದರೆ ನೆರಡಿ ರೋಗದ ಸಂಶಯ ಬರಬೇಕು. ಕುರಿಗಾಹಿಗಳು ಇದನ್ನು ಮರೆಯಬಾರದು.

ಜಾಲಿಮುಳ್ಳು ಚುಚ್ಚಿದ ಪಾದ ತಿಂಗಳುಗಟ್ಟಲೆ ಊದಿ, ಹಲವು ತೂತುಗಳಿಂದ ಸಣ್ಣ ಕಾಳುಗಳು ಒಸರಿದರೆ ಅದು ಮದುರಾ ಪಾದ. ಕಪ್ಪು ಕಾಳಾದರೆ ಶಿಲೀಂಧ್ರ, ಕೆಂಪಾದರೆ ಬ್ಯಾಕ್ಟೀರಿಯಾ. ಬಿಳಿ, ಹಳದಿ ಎರಡರಲ್ಲೂ ಉಂಟು. ಔಷಧ ಪೂರಾ ಬೇರೆ ಬೇರೆ.

ಕೀವಿನ ಪರೀಕ್ಷೆ ಮಾಡಿಸಲು ದೇವರ ಹಿಪ್ಪರಗಿಯಂಥ ತಾಲ್ಲೂಕುಗಳವರಿಗೂ ವಿಜಯಪುರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ: ಬಿಎಲ್‌ಡಿಇಯ ಶ್ರೀ ಬಿ.ಎಂ. ಪಾಟೀಲ ಕಾಲೇಜು ಮತ್ತು ಅಲ್ ಅಮೀನ್. ಕೀವಿನ ಕಲ್ಚರ್, ಅಂದರೆ ಅದನ್ನು ತಟ್ಟೆಯಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಇಂಥ ಕಾಲೇಜುಗಳಲ್ಲಿ ದಿನನಿತ್ಯದ ಕೆಲಸ. ಆದರೆ ಮಾದರಿ ತೆಗೆಯುವ ರೀತಿಯಲ್ಲೇ ಅರ್ಧ ಫಲಿತಾಂಶ ಅಡಗಿದೆ. ಮೇಲಿನ ಹಕ್ಕಳೆ, ಕೊಳೆ ತೊಳೆದು, ಒಳಗಿನ ಕೀವನ್ನು ಸಿರಿಂಜಿನಿಂದ ಎಳೆದರೆ ಉತ್ತಮ. ಹತ್ತಿಕಡ್ಡಿಯೇ ಆದರೆ ಎರಡು ಬೇಕು, ಒಂದು ಬಣ್ಣದ ಪರೀಕ್ಷೆಗೆ, ಒಂದು ಬೆಳೆಸಲು. 2 ಗಂಟೆಯೊಳಗೆ ಪ್ರಯೋಗಶಾಲೆ ಮುಟ್ಟಬೇಕು, ಇಲ್ಲವಾದರೆ ಅಣುಜೀವಿಯನ್ನು ಕಾಪಾಡುವ ವಿಶೇಷ ಮಾಧ್ಯಮದಲ್ಲಿ ಕಳಿಸಬೇಕು. ಬಹುಮುಖ್ಯವಾದದ್ದು ಇದು: ಆ್ಯಂಟಿಬಯೋಟಿಕ್ ಮೊದಲ ಗುಳಿಗೆ ನುಂಗುವ ಮುನ್ನವೇ ಮಾದರಿ ತೆಗೆಸಬೇಕು. ಅಂಗಡಿಯಲ್ಲಿ ಕೇಳಿ ತಂದ ಎರಡು ಗುಳಿಗೆ ಸಾಕು, ತಟ್ಟೆಯಲ್ಲಿ ಏನೂ ಬೆಳೆಯದೆ ಹೋಗಬಹುದು.

ವರದಿಗೆ 2–3 ದಿನ ಹಿಡಿಯುತ್ತದೆ. ಎಲ್ಲ ಗುಳ್ಳೆಗೂ ಈ ಪರೀಕ್ಷೆ ಬೇಡ. ಸಣ್ಣ ಕುರುವಿಗೆ ಬಿಸಿನೀರಿನ ಶಾಖ ಸಾಕು, ದೊಡ್ಡದಕ್ಕೆ ವೈದ್ಯರು ಕೊಯ್ದು ಕೀವು ತೆಗೆಯುವುದೇ ಮುಖ್ಯ ಚಿಕಿತ್ಸೆ. ಮತ್ತೆ ಮತ್ತೆ ಏಳುವ ಕುರು, ಸಕ್ಕರೆಕಾಯಿಲೆಯವರ ಬೆನ್ನುಫಣಿ, ಔಷಧಕ್ಕೆ ಬಗ್ಗದ ಹುಣ್ಣು, ಇವಕ್ಕೆ ಕಲ್ಚರ್ ಬೇಕೇಬೇಕು. ಜ್ವರ ಬಂದರೆ, ಕೆಂಪು ಹರಡಿದರೆ, ಮೂಗು–ಮೇಲ್ದುಟಿಯ ಸುತ್ತ ಕುರು ಎದ್ದರೆ ಹಿಂಡಬೇಡಿ, ಅಂದೇ ವೈದ್ಯರಿಗೆ ತೋರಿಸಿ. ಕೈಗೆ ಬಂದ ಕಲ್ಚರ್ ವರದಿಯನ್ನು ಎಸೆಯದೆ ಇಟ್ಟುಕೊಂಡು, ಮುಂದಿನ ಸಲ ದವಾಖಾನೆಗೆ ಹೋಗುವಾಗ ಜೊತೆಗೆ ಒಯ್ಯಿರಿ.