ದೆವ್ವವೂ ಅಲ್ಲ, ಸ್ಕಿಜೋಫ್ರೇನಿಯಾವೂ ಅಲ್ಲ

ಜಿನೀವಾದ ಶಾರ್ಲ್ ಬೊನೆ ಎಂಬ ವಿದ್ವಾಂಸರು 1760ರಲ್ಲಿ ತಮ್ಮ ಅಜ್ಜನ ಅನುಭವವನ್ನು ದಾಖಲಿಸಿದರು. ಕಣ್ಣಿನ ಪೊರೆಯಿಂದ ದೃಷ್ಟಿ ಮಂದವಾಗಿದ್ದ ಆ ವೃದ್ಧರಿಗೆ ಇಲ್ಲದ ಮನುಷ್ಯರೂ ಪಕ್ಷಿಗಳೂ ಕಾಣುತ್ತಿದ್ದವು. ಬುದ್ಧಿ ಮಾತ್ರ ಸ್ವಸ್ಥವಾಗಿತ್ತು.

ಇಂಥವರನ್ನು ಪ್ರಾರ್ಥನೆಗೆಂದು ಕರೆತಂದಾಗ ನಮಗೆ ತೋಚುವುದು ಎರಡೇ: ದೆವ್ವ, ಇಲ್ಲವೇ ಸ್ಕಿಜೋಫ್ರೇನಿಯಾ. ಆದರೆ ಥೈರಾಯ್ಡ್ ದೋಷ, ಬಿ12 ಜೀವಸತ್ವದ ಕೊರತೆ, ಮೂರ್ಛೆರೋಗ, ಸ್ಟೆರಾಯ್ಡ್ ಔಷಧ, ತೀವ್ರ ಖಿನ್ನತೆ, ದೀರ್ಘ ನಿದ್ರಾಹೀನತೆ ಇವೂ ಭ್ರಮೆಯನ್ನೂ ಅತಿಶಂಕೆಯನ್ನೂ ತರಬಲ್ಲವು. ಅಗಲಿದ ಪತಿಯ ಧ್ವನಿ ಕೇಳಿತೆನ್ನುವ ವಿಧವೆಗೆ ರೋಗವೇ ಇಲ್ಲದಿರಬಹುದು. ಅದು ದುಃಖದ ಸಹಜ ರೂಪ.

ನಾವು ಹೆಚ್ಚು ಎಚ್ಚರದಿಂದಿರಬೇಕಾದದ್ದು ಸನ್ನಿಯ ವಿಷಯದಲ್ಲಿ. ನಿನ್ನೆಯವರೆಗೆ ಸರಿಯಿದ್ದ ಅಜ್ಜಿ ಇಂದು ಸೊಸೆ ವಿಷವಿಕ್ಕುತ್ತಾಳೆಂದು ಕೂಗಿದರೆ, ಮೂತ್ರದ ಸೋಂಕೋ ರಕ್ತದಲ್ಲಿ ಸೋಡಿಯಂ ಇಳಿದದ್ದೋ ಕಾರಣವಿರಬಹುದು. ಇನ್ನು, ವರ್ಷಗಟ್ಟಲೆ ಕುಡಿದವನು ಮನಸ್ಸು ತಿರುಗಿಸಿ ಒಮ್ಮೆಲೇ ಮದ್ಯ ಬಿಟ್ಟನೆನ್ನಿ. ಸಭೆಗೆ ಸಂತೋಷವೇ. ಎರಡು ಮೂರು ದಿನಗಳಲ್ಲಿ ಅವನು ನಡುಗಿ, ಬೆವರಿ, ಗೋಡೆಯ ಮೇಲೆ ಹುಳುಗಳನ್ನು ಕಾಣತೊಡಗಬಹುದು. ಚಿಕಿತ್ಸೆಯಿಲ್ಲದಿದ್ದರೆ ಇದು ಪ್ರಾಣಾಂತಿಕ. ಅವನನ್ನು ಉಪವಾಸ ಪ್ರಾರ್ಥನೆಗೆ ಕೂರಿಸಲೇಬಾರದು. ಮೊದಲೇ ಥಯಮಿನ್ ಬತ್ತಿರುವ ಮಿದುಳಿಗೆ ಉಪವಾಸ ಇನ್ನಷ್ಟು ಹಾನಿ ಮಾಡೀತು. ತಡಮಾಡದೆ ಆಸ್ಪತ್ರೆಗೆ ಒಯ್ದು, ಅವನು ಕೊನೆಯ ಬಾರಿ ಕುಡಿದದ್ದು ಯಾವಾಗ ಎಂಬುದನ್ನು ವೈದ್ಯರಿಗೆ ತಿಳಿಸಬೇಕು. ದಾರಿಯುದ್ದಕ್ಕೂ ಪ್ರಾರ್ಥಿಸಲು ಅಡ್ಡಿಯಿಲ್ಲ.