ಹಳೆಯ ಶಿರಾತಾಕಿಯ ಸ್ಟೇಷನ್ನು

ಒಬ್ಬಳೇ ಒಬ್ಬ ವಿದ್ಯಾರ್ಥಿನಿಗಾಗಿ ಜಪಾನಿನ ರೈಲ್ವೆಯವರು ಒಂದು ಸ್ಟೇಷನ್ನನ್ನು ವರ್ಷಗಟ್ಟಲೆ ಮುಚ್ಚದೆ ಉಳಿಸಿದರು ಎಂಬ ಸುದ್ದಿ 2016ರ ಜನವರಿಯಲ್ಲಿ ಲೋಕವನ್ನೆಲ್ಲ ಸುತ್ತಿತು. ವಾಚಕರಲ್ಲಿ ಅನೇಕರು ಅದನ್ನು ಕೇಳಿರಬಹುದು. ಕಣ್ಣು ಒದ್ದೆಯಾಗುವಂಥ ಕಥೆಯೇ ಸರಿ. ಆದರೆ ನಡೆದ ಸಂಗತಿ ಬೇರೆ. ನನಗಂತೂ ಕಥೆಗಿಂತ ಅದೇ ಹೆಚ್ಚು ಹಿಡಿಸಿತು.

ಜಪಾನಿನ ಉತ್ತರದ ತುದಿಯಲ್ಲಿರುವ ಹೊಕ್ಕೈಡೊ ದ್ವೀಪದಲ್ಲಿ ಸೆಕಿಹೊಕು ಎಂಬ ರೈಲುದಾರಿಯಿದೆ. ಬೆಟ್ಟ ಕಾಡುಗಳ ನಡುವಿನ ಒಂಟಿ ಹಳಿಯ ದಾರಿ. ಚಳಿಗಾಲದಲ್ಲಿ ಎಲ್ಲೆಲ್ಲೂ ಹಿಮ. ಇದರ ಮೇಲೆ ಶಿರಾತಾಕಿ, ಅಂದರೆ ‘ಬಿಳಿಯ ಜಲಪಾತ’, ಎಂಬ ಹೆಸರಿನ ನಾಲ್ಕು ಸ್ಟೇಷನ್ನುಗಳು ಸಾಲಾಗಿ ಇದ್ದುವು: ಮೇಲಣದು, ಬರಿಯ ಶಿರಾತಾಕಿ, ಹಳೆಯದು, ಕೆಳಗಣದು. ಸುದ್ದಿ ಹರಡಿದವರು ಮೇಲಣ ಶಿರಾತಾಕಿ ಎಂದರು. ಹುಡುಗಿ ಹತ್ತುತ್ತಿದ್ದುದು ಕ್ಯೂ-ಶಿರಾತಾಕಿಯಲ್ಲಿ, ಎಂದರೆ ಹಳೆಯ ಶಿರಾತಾಕಿಯಲ್ಲಿ.

ಸ್ಟೇಷನ್ನು ಎಂದೊಡನೆ ನಮ್ಮ ಕಣ್ಣಮುಂದೆ ಮಾಸ್ತರು, ಗಂಟೆ, ಟಿಕೆಟ್ಟಿನ ಕಿಟಕಿ ಬರುತ್ತವೆ. ಇಲ್ಲಿ ಅವೊಂದೂ ಇರಲಿಲ್ಲ. ಹಳಿಯ ಒಂದು ಪಕ್ಕದಲ್ಲಿ ಗಿಡ್ಡ ಪ್ಲಾಟ್‌ಫಾರಂ, ಕಾಯುವವರಿಗೆ ಒಂದು ಮರದ ಗುಡಿಸಲು, ಅಷ್ಟೆ. 1947ರಲ್ಲಿ ಇದು ಹುಟ್ಟಿದ್ದೂ ಸ್ಟೇಷನ್ನಾಗಿ ಅಲ್ಲ, ‘ತಾತ್ಕಾಲಿಕ ಹತ್ತಿಳಿಯುವ ತಾಣ’ವಾಗಿ. ಹೊಕ್ಕೈಡೊದಲ್ಲಿ ಊರುಗಳು ದೂರದೂರ. ಒಂದೆರಡು ಮನೆಗಳ ಕೇರಿಗೂ ಗಾಡಿಯೇ ಗತಿ. ಆದ್ದರಿಂದ ದೊಡ್ಡ ಕಚೇರಿಯ ಮಂಜೂರಿಗೆ ಕಾಯದೆ, ಪ್ರಾಂತದ ರೈಲ್ವೆ ಕಚೇರಿಯೇ ತನ್ನ ಅಧಿಕಾರದಲ್ಲಿ ಇಂಥ ತಾಣಗಳನ್ನು ತೆರೆಯುತ್ತಿತ್ತು. ಕಾಗದದ ಮೇಲೆ ಅವಕ್ಕೆ ದೂರದ ಲೆಕ್ಕವೇ ಇರಲಿಲ್ಲ. ಇಳಿಯುವವನು ಸಾಮಾನ್ಯವಾಗಿ ಮುಂದಿನ ಸ್ಟೇಷನ್ನಿನ ತನಕದ ದರ ತೆರಬೇಕಾಗುತ್ತಿತ್ತು! 1987ರಲ್ಲಿ ಸರ್ಕಾರಿ ರೈಲ್ವೆಯನ್ನು ಕಂಪನಿಗಳಾಗಿ ಹಂಚಿದಾಗಲೇ, ನಲವತ್ತು ವರ್ಷಗಳ ಬಳಿಕ, ಕ್ಯೂ-ಶಿರಾತಾಕಿ ನಿಜವಾದ ಸ್ಟೇಷನ್ ಎನಿಸಿತು.

ಅಷ್ಟರಲ್ಲಿ ಹಳ್ಳಿಗಳೇ ಬರಿದಾಗತೊಡಗಿದ್ದುವು. ಶಿರಾತಾಕಿ ಗ್ರಾಮ 2005ರಲ್ಲಿ ಎಂಗರು ಪಟ್ಟಣದೊಡನೆ ಕೂಡಿಹೋಯಿತು. ಕೊನೆಗಾಲದಲ್ಲಿ ಎಂಗರು ಕಡೆಗೆ ಬೆಳಗ್ಗೆ ಒಂದೇ ಗಾಡಿ ಇಲ್ಲಿ ನಿಲ್ಲುತ್ತಿತ್ತು. ಅದು ತಪ್ಪಿದರೆ ಆ ದಿನದ ಶಾಲೆ ತಪ್ಪಿದಂತೆಯೇ. ಹಿಂದಿರುಗಲು ಮೂರು. ದಿನವೂ ಹತ್ತುತ್ತಿದ್ದವಳು ಆಕೆಯೊಬ್ಬಳೇ ಎಂಬುದು ನಿಜ. ಆದರೆ ಅದೇ ಗಾಡಿಯಲ್ಲಿ ಬೇರೆ ಸ್ಟೇಷನ್ನುಗಳಿಂದ ಹತ್ತಿದ ವಿದ್ಯಾರ್ಥಿಗಳೂ ಇದ್ದರು. ಗಾಡಿ ಓಡುತ್ತಿದ್ದುದು ಅವಳೊಬ್ಬಳಿಗಾಗಿ ಅಲ್ಲ. ಪ್ರಯಾಣಿಕರಿಲ್ಲವೆಂದು ಮುಚ್ಚುವ ನಿರ್ಧಾರವನ್ನು ಕಂಪನಿ 2015ರಲ್ಲಿ ತಿಳಿಸಿತು. ಜಪಾನಿನಲ್ಲಿ ರೈಲ್ವೆ ವೇಳಾಪಟ್ಟಿ ಬದಲಾಗುವುದು ಮಾರ್ಚಿಯಲ್ಲಿ; ಶಾಲೆಯ ವರ್ಷ ಮುಗಿಯುವುದೂ ಮಾರ್ಚಿಯಲ್ಲೇ. ಅವಳ ಓದು ಮುಗಿದ ತಿಂಗಳಲ್ಲೇ, 2016ರ ಮಾರ್ಚಿ 26ರಂದು, ಸ್ಟೇಷನ್ನಿನ ಹೆಸರು ಪಟ್ಟಿಯಿಂದ ಹೋಯಿತು. ಕರುಣೆ ಎಂದು ಜನ ಕೊಂಡಾಡಿದ್ದು ಬಹುಮಟ್ಟಿಗೆ ಪಂಚಾಂಗದ ಕೂಟ.

ಹಾಗೆಂದು ರೈಲ್ವೆಯವರನ್ನು ಹಳಿಯಬೇಕಾಗಿಲ್ಲ. ಹತ್ತುವವರು ಒಬ್ಬರಿಗೆ ಇಳಿದ ಮೇಲೂ ಹಿಮದಲ್ಲಿ ಗಾಡಿ ನಿಲ್ಲಿಸುತ್ತಿದ್ದುದು ಸಣ್ಣ ಮಾತೇನೂ ಅಲ್ಲ.

ಅದೇ ದಿನ ಮೇಲಣ, ಕೆಳಗಣ ಶಿರಾತಾಕಿಗಳೂ ಮುಚ್ಚಿದುವು. ಒಂಟಿ ಹಳಿಯಲ್ಲಿ ಎದುರುಬದುರು ಬರುವ ಗಾಡಿಗಳಿಗೆ ತಂಗಲು ಜಾಗ ಬೇಕಷ್ಟೆ. ಅದಕ್ಕಾಗಿ ಕೆಳಗಣದನ್ನು ಸಿಗ್ನಲ್ ತಾಣವಾಗಿ ಉಳಿಸಿಕೊಂಡರು: ಅಲ್ಲಿ ಗಾಡಿ ನಿಂತರೂ ಬಾಗಿಲು ತೆರೆಯುವುದಿಲ್ಲ. ಬರಿಯ ಶಿರಾತಾಕಿಯಿಂದ ಪಶ್ಚಿಮಕ್ಕೆ ಕಾಮಿಕಾವಾದ ತನಕ, 37.3 ಕಿಲೊಮೀಟರು, ಹತ್ತಿಳಿಯಲು ಈಗ ಒಂದು ಸ್ಟೇಷನ್ನೂ ಇಲ್ಲ.